ಸೋಡಿ ಬೆಲೆಯ ಡ್ರಮ್ಮು

ನವರಾತ್ರಿ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಒಂದು ಹೊಸ ಬಗೆಯ ಧರ್ಮಸಂಕಟ ತಲೆದೋರುತ್ತದೆ. ಹಿಂದೆಲ್ಲ ಈ ದಿನಗಳಲ್ಲಿ ಊರಿಗೆ ಹೋಗಲು ರಜೆ ಸಿಕ್ಕೀತೇ, ಬಸ್ಸಿನಲ್ಲಿ ಜಾಗ ದೊರೆತೀತೇ ಎಂಬುದೇ ದೊಡ್ಡ ಚಿಂತೆ. ಈಗ ಮೊಬೈಲಿನ ಪುಟ್ಟ ಪರದೆಯ ಮೇಲೆ ಜಾತ್ರೆಯೇ ನೆರೆಯುತ್ತದೆ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ಕಂಪೆನಿ ಒಂದು ದಿನದ ಮಹಾಮಾರಾಟ ಹೂಡಿ, ನೂಕುನುಗ್ಗಲು ತಾಳಲಾರದೆ ಕೊನೆಗೆ ಗಿರಾಕಿಗಳ ಕ್ಷಮೆ ಕೇಳಿದ್ದು ಹಲವರಿಗೆ ನೆನಪಿರಬಹುದು. ಅಲ್ಲಿಂದೀಚೆಗೆ ವರ್ಷವರ್ಷವೂ ಹಬ್ಬದ ಹೊತ್ತಿಗೆ ಈ ಸೋಡಿಯ ಸಂತೆ ತಪ್ಪಿದ್ದಿಲ್ಲ. ಕುಕ್ಕರು, ಟಿ.ವಿ., ಸೀರೆಗಳ ಸಾಲಿನಲ್ಲಿ ಈಗ ವಾದ್ಯಗಳೂ ಬಂದು ಕುಳಿತಿವೆ. ಡ್ರಮ್ ಸೆಟ್ಟೂ ಅವುಗಳಲ್ಲೊಂದು.

ಮಗನೋ ಮಗಳೋ ಶಾಲೆಯ ವಾದ್ಯತಂಡದಲ್ಲಿ ಡ್ರಮ್ ಕಲಿಯಲು ತೊಡಗಿ ಆರು ತಿಂಗಳಾಗಿದೆ ಎಂದಿಟ್ಟುಕೊಳ್ಳಿ. ಪರದೆಯ ಮೇಲೆ 50,000 ರೂಪಾಯಿ ಎಂಬುದನ್ನು ಗೀಟು ಹಾಕಿ ಹೊಡೆದು, ಅದರ ಕೆಳಗೆ 29,999 ಎಂದು ಕೆಂಪಕ್ಷರದಲ್ಲಿ ಬರೆದಿದ್ದಾರೆ. ಪಕ್ಕದಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿದೆ. ಕೊಳ್ಳುವುದೇ, ಬಿಡುವುದೇ? ಇದು ಬರಿಯ ಜಮಾಖರ್ಚಿನ ವಿಷಯ, ಇದರಲ್ಲಿ ನೀತಿಯ ಮಾತೇನು ಬಂತು ಎಂದು ಕೇಳುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಬೆಲೆಯಲ್ಲಿ ಇಳಿದ ಆ 20,000 ರೂಪಾಯಿ ಯಾರ ಕಿಸೆಯಿಂದ ಇಳಿಯಿತು? ಸೆಟ್ಟು ಮನೆಗೆ ಬಂದು ಸದ್ದು ಶುರುವಾದ ಮೇಲೆ, ನಾವು ತೆರದೆ ಉಳಿಸಿಕೊಂಡ ಬೆಲೆಯನ್ನು ಯಾರು ತೆರುತ್ತಾರೆ? ಇವೆರಡನ್ನೂ ಕೇಳದೆ ಕೊಳ್ಳುವ ಗುಂಡಿ ಒತ್ತುವುದು ಸರಿಯೇ ಎಂಬುದು ವಿಚಾರ ಮಾಡತಕ್ಕ ವಿಷಯ.

ಅದಕ್ಕೂ ಮೊದಲು ಒಂದು ಆಕ್ಷೇಪವನ್ನು ಬದಿಗಿಡೋಣ. ‘ನಮ್ಮ ಚೆಂಡೆ ಮದ್ದಳೆ ಇರುವಾಗ ಈ ವಿಲಾಯತಿ ಡ್ರಮ್ಮು ಯಾಕೆ ಮಾರಾಯರೇ?’ ಎಂದು ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಭಜನೆಯಲ್ಲಿ ನಾವು ಭಕ್ತಿಯಿಂದ ನುಡಿಸುವ ಹಾರ್ಮೋನಿಯಂ ಫ್ರಾನ್ಸಿನಲ್ಲಿ ಹುಟ್ಟಿದ್ದು. ಪಿಟೀಲು ಯುರೋಪಿನದು, ನಮ್ಮ ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಬಿಗಿದು ತಮ್ಮದನ್ನಾಗಿ ಮಾಡಿಕೊಂಡರು. ಇನ್ನು ಮುಂಬಯಿಗಂತೂ ಡ್ರಮ್ಮು ಪರಕೀಯವೇ ಅಲ್ಲ. ಗೋವೆಯ ವಾದಕರು, ಪಾರ್ಸಿ ಮನೆತನದ ಕಾವಸ್ ಲಾರ್ಡ್ ಮತ್ತು ಅವರ ಮಕ್ಕಳಾದ ಕೇರ್ಸಿ, ಬುರ್ಜೋರ್, ಇಂಥವರ ಕೈಚಳಕವಿಲ್ಲದೆ ಹಿಂದೀ ಚಿತ್ರಗೀತೆಗಳ ಆ ನಡೆ ಎಲ್ಲಿ ಬರುತ್ತಿತ್ತು? ನಮ್ಮಪ್ಪಂದಿರು ಹೋಟೆಲಿನ ಗಲ್ಲೆಯಲ್ಲಿ ಕುಳಿತು ರೇಡಿಯೋದಲ್ಲಿ ಕೇಳಿ ತಲೆದೂಗಿದ್ದು ಅವರದೇ ತಾಳಕ್ಕೆ. ಹೀಗಾಗಿ ವಾದ್ಯದ ಕುಲಗೋತ್ರ ವಿಚಾರಿಸುವುದು ಬೇಡ.

ಹೊಡೆದು ಹಾಕಿದ ಬೆಲೆಯ ಮಾತಿಗೆ ಬರೋಣ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಗರಿಷ್ಠ ಮಾರಾಟ ಬೆಲೆ ಎಂಬುದು ತಯಾರಕನೋ ಆಮದುದಾರನೋ ತಾನೇ ಹಾಕಿಕೊಳ್ಳುವ ಮೇಲಿನ ಮಿತಿ. ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂದು ಕಾನೂನಿದೆಯೇ ಹೊರತು, ಆ ಬೆಲೆಗೆ ಎಂದಾದರೂ ಯಾರಾದರೂ ಕೊಂಡಿರಬೇಕೆಂದು ಇಲ್ಲ. ಊರ ಸಂತೆಯಲ್ಲಿ ಮಣ್ಣಿನ ಮಡಕೆಗೆ ಮೊದಲು ದುಪ್ಪಟ್ಟು ಹೇಳಿ ಆಮೇಲೆ ಇಳಿಸುತ್ತಿದ್ದವನ ಜಾಣತನವೇ ಇದು. ಆದರೆ ಅವನ ಮುಖ ನಮಗೆ ಕಾಣುತ್ತಿತ್ತು, ನಾವೂ ಮಾತಿಗೆ ಮಾತು ಕೊಡಬಹುದಿತ್ತು. ಇಲ್ಲಿ ಚೌಕಾಶಿಯನ್ನೂ ಅವನೇ ನಮ್ಮ ಪರವಾಗಿ ಮಾಡಿ ಮುಗಿಸಿರುತ್ತಾನೆ! ‘ಇನ್ನು ಎರಡೇ ಉಳಿದಿವೆ’ ಎಂಬ ಎಚ್ಚರಿಕೆ ಬೇರೆ. ಇಂಥ ಸುಳ್ಳು ಅವಸರ ಹುಟ್ಟಿಸುವುದೂ ಸೇರಿದಂತೆ 13 ಬಗೆಯ ಕುಯುಕ್ತಿಗಳನ್ನು ಹೆಸರಿಸಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಕಾನೂನು ಇಷ್ಟು ದೂರ ಬರಬೇಕಾಯಿತೆಂದರೆ ರೋಗ ಎಷ್ಟು ಹಬ್ಬಿರಬೇಕು ನೋಡಿ.

ಸೋಡಿ ಮಾಡುವ ಮೋಸಕ್ಕಿಂತ ಅದು ನಮ್ಮ ಪ್ರಶ್ನೆಯನ್ನೇ ಬದಲಿಸುವ ರೀತಿ ನನಗೆ ಹೆಚ್ಚು ಆತಂಕದ್ದಾಗಿ ಕಾಣುತ್ತದೆ. ಮೊನ್ನೆಯವರೆಗೆ ಮನೆಯಲ್ಲಿದ್ದ ಪ್ರಶ್ನೆ ‘ನಮಗೆ ಇದು ಬೇಕೇ?’ ಎಂಬುದು. ಸೋಡಿ ಬಂದ ಕ್ಷಣ ಅದು ‘ಇದನ್ನು ಬಿಟ್ಟರೆ ನಷ್ಟವಲ್ಲವೇ?’ ಎಂದಾಗುತ್ತದೆ. ಮೊದಲನೆಯದಕ್ಕೆ ಉತ್ತರ ಹುಡುಕಲು ಮಗುವಿನ ಕಡೆ ನೋಡಬೇಕು, ಮನೆಯ ಉದ್ದಗಲ ನೋಡಬೇಕು. ಎರಡನೆಯದಕ್ಕೆ ಗಡಿಯಾರ ನೋಡಿದರೆ ಸಾಕು. ಮೂವತ್ತು ಸಾವಿರ ಖರ್ಚು ಮಾಡಿದವನು ‘ಇಪ್ಪತ್ತು ಸಾವಿರ ಉಳಿಸಿದೆ’ ಎಂದು ಹೆಂಡತಿಯ ಮುಂದೆ ಬೀಗುವುದು ಈ ಅದಲುಬದಲಿನಿಂದಲೇ.

ಉಳಿತಾಯ ಎಂಬ ಮಾತನ್ನು ಇಷ್ಟು ಸಡಿಲವಾಗಿ ಬಳಸುವುದು ನಮಗಂತೂ ಶೋಭಿಸುವುದಿಲ್ಲ. ಮಣಿಪಾಲದ ಟಿ.ಎಂ.ಎ. ಪೈಗಳು ಮತ್ತು ಸಂಗಡಿಗರು ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟನು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅದು ಕಲಿಸಿದ ಪಾಠ ನಮ್ಮ ತಂದೆತಾಯಿಗಳ ಮೈಗೆ ಹತ್ತಿತ್ತು. ಮೊದಲು ಕೂಡಿಸು, ಆಮೇಲೆ ಕೊಳ್ಳು. ಈಗಿನ ಮಾಸಿಕ ಕಂತು ಅದನ್ನು ತಲೆಕೆಳಗು ಮಾಡಿದೆ. ಮೊದಲು ವಸ್ತು, ಆಮೇಲೆ ದಿನದಿನದ ಎರಡಾಣೆ. ಅದಕ್ಕೆ ಬಡ್ಡಿಯೇ ಇಲ್ಲವೆಂದು ಬೇರೆ ಸಾರುತ್ತಾರೆ. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ, ಅದು ಬೇರೆ ಹೆಸರಿನಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಹೇಳಿದೆ.

ಹಾಗೆಂದು ಸೋಡಿಯೆಲ್ಲ ವಂಚನೆ ಎಂದು ನಾನು ಹೇಳಲಾರೆ. ಆಷಾಢದಲ್ಲಿ ಬಟ್ಟೆಯಂಗಡಿಯವನು ಬೆಲೆ ಇಳಿಸುವುದು ವ್ಯಾಪಾರವಿಲ್ಲದ ತಿಂಗಳಲ್ಲಿ ಬಾಡಿಗೆ ಹೊರಡಲೆಂದು. ಹಳೆಯ ಮಾದರಿಯ ವಾದ್ಯವನ್ನು ಗೋದಾಮಿನಿಂದ ಖಾಲಿ ಮಾಡುವವನು ನಿಜವಾಗಿಯೂ ಕಡಮೆಗೆ ಕೊಡುತ್ತಾನೆ. ಅದನ್ನು ಕೊಳ್ಳುವುದರಲ್ಲಿ ಯಾವ ದೋಷವೂ ಇಲ್ಲ. ಪೆಟ್ಟಿಗೆಯಲ್ಲಿ ಏನಿದೆ ಎಂದು ಬಲ್ಲವರಿಗೆ ಲಾಭವೂ ಆದೀತು.

ಏನಿರುತ್ತದೆ? ಐದು ತುಂಡಿನ ಸೆಟ್ಟೆಂದರೆ ಕಾಲಿನಿಂದ ಒತ್ತಿ ಬಾರಿಸುವ ದೊಡ್ಡ ಬೇಸ್ ಡ್ರಮ್ಮು, ಝರ್ ಎನ್ನುವ ಸ್ನೇರ್, ಮೂರು ಟಾಮ್‌ಗಳು. ಈ ಐದರ ಲೆಕ್ಕದಲ್ಲಿ ಸಿಂಬಲ್ ಎಂಬ ತಾಳದ ತಟ್ಟೆಗಳು ಸೇರುವುದಿಲ್ಲ. ಎಷ್ಟೋ ಅಗ್ಗದ ಸೆಟ್ಟುಗಳಲ್ಲಿ ಅವು ಇರುವುದೇ ಇಲ್ಲ, ಕೂರುವ ಸ್ಟೂಲೂ ಇರುವುದಿಲ್ಲ. ಇದ್ದರೂ ತಟ್ಟೆ ಹಿತ್ತಾಳೆಯದು. ಒಳ್ಳೆಯ ತಟ್ಟೆ ಕಂಚಿನದಾಗಬೇಕು. ನೂರಕ್ಕೆ ಎಂಬತ್ತು ಪಾಲು ತಾಮ್ರ, ಇಪ್ಪತ್ತು ಪಾಲು ತವರ ಸೇರಿದ ಕಂಚಿನ ನಾದವೇ ಬೇರೆ. ಕಂಚಿನ ಕಂಠ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ. ಹಿತ್ತಾಳೆಯ ಕಂಠ ಎಂದು ಯಾರನ್ನಾದರೂ ಹೊಗಳಿದ್ದನ್ನು ಕೇಳಿದ್ದೀರಾ? ಆ ಕಂಚಿನ ತಟ್ಟೆಗಳನ್ನು ಬೇರೆಯಾಗಿ ಕೊಳ್ಳಹೋದರೆ ಸೋಡಿಯಲ್ಲಿ ಉಳಿದ ಹಣ ಅಲ್ಲೇ ಕರಗಿತು. ಚರ್ಮದ ಬದಲಿಗೆ ಬಿಗಿದ ಪ್ಲಾಸ್ಟಿಕ್ ಹೊದಿಕೆಯನ್ನು ಸುತ್ತಲಿನ ತಿರುಪುಗಳಿಂದ ಶ್ರುತಿ ಮಾಡಬೇಕು. ಅದನ್ನು ಹೇಳಿಕೊಡಲು ಸಾಮಾನು ತರುವ ಹುಡುಗನಿಗೆ ವ್ಯವಧಾನವಿಲ್ಲ. ಅವನು ಇನ್ನೂ ಅರವತ್ತು ಮನೆಯ ಮೆಟ್ಟಿಲು ಹತ್ತಬೇಕಾಗಿರುತ್ತದೆ.

ಇದನ್ನೆಲ್ಲ ಹೇಳಿಕೊಡುವವರು ಅಂಗಡಿಯವರು. ಧೋಬಿ ತಲಾವಿನ ಫುರ್ಟಾಡೋಸ್ 1865ರಿಂದ ಈ ನಗರದಲ್ಲಿದೆ. ಕಾಲಕ್ಕೆ ತಕ್ಕಂತೆ ಅವರೂ ಈಗ ಆನ್‌ಲೈನಿನಲ್ಲಿ ಮಾರುತ್ತಾರೆನ್ನಿ. ದಾದರಿನಲ್ಲಿ ಹಾರ್ಮೋನಿಯಂ, ತಬಲಾದ ಹಳೆಯ ಅಂಗಡಿಗಳಿವೆ. ಉಪನಗರಗಳಲ್ಲಿ ಸ್ಟೇಷನ್ನಿನ ಪಕ್ಕ ಗಿಟಾರು ತೂಗುಹಾಕಿಕೊಂಡ ಎಷ್ಟೋ ಸಣ್ಣ ಅಂಗಡಿಗಳಿವೆ. ಭಾನುವಾರ ಸಂಜೆ ಮಗುವನ್ನು ಕರೆದುಕೊಂಡು ಇಂಥಲ್ಲಿಗೆ ಹೋಗುತ್ತೇವೆ. ಅಂಗಡಿಯವನು ಸ್ಟೂಲಿನ ಎತ್ತರ ಇಳಿಸಿ ಮಗುವನ್ನು ಕೂರಿಸುತ್ತಾನೆ, ಕೋಲು ಹಿಡಿಯುವ ಬಗೆ ತಿದ್ದುತ್ತಾನೆ, ಈ ತಟ್ಟೆಗೂ ಆ ತಟ್ಟೆಗೂ ಇರುವ ಅಂತರ ಬಾರಿಸಿ ತೋರಿಸುತ್ತಾನೆ. ಮುಕ್ಕಾಲು ಗಂಟೆ ಕಳೆಯುತ್ತದೆ. ನಾವು ‘ಯೋಚಿಸಿ ಹೇಳುತ್ತೇವೆ’ ಎಂದು ಹೊರಬಂದು, ಲೋಕಲ್ ಗಾಡಿ ಹತ್ತುವ ಮೊದಲೇ ಅದೇ ಮಾದರಿಯನ್ನು ಮೊಬೈಲಿನಲ್ಲಿ ಹುಡುಕಿ ತರಿಸಿಬಿಡುತ್ತೇವೆ. ಕಾನೂನಿನ ಪ್ರಕಾರ ಇದು ಅಪರಾಧವಲ್ಲ. ಆದರೆ ಇದು ಸಭ್ಯವೇ?

ಈ ಪ್ರಶ್ನೆಗೆ ಉತ್ತರ ಕೊಡಲು ಮುಂಬಯಿಯ ಕನ್ನಡಿಗರಷ್ಟು ಅರ್ಹರು ಬೇರೆ ಯಾರೂ ಇಲ್ಲವೆಂದು ನನ್ನ ನಂಬಿಕೆ. ನಾವು ಗಲ್ಲೆಯ ಎರಡೂ ಬದಿಯಲ್ಲಿ ಕುಳಿತವರು. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದ ಇಂದಿನವರೆಗೆ, ಅನ್ನ ಬಡಿಸಿ ಬದುಕು ಕಟ್ಟಿದವರ ಮಕ್ಕಳು ನಮ್ಮಲ್ಲಿ ಅಸಂಖ್ಯ. 2019ರ ಆಗಸ್ಟಿನಲ್ಲಿ ದೇಶದ ಹೋಟೆಲಿನವರು ‘ಈ ಆ್ಯಪ್‌ಗಳು ನಮ್ಮ ಗಂಟಿನಿಂದ ಸೋಡಿ ಹಂಚುತ್ತವೆ, ಗಿರಾಕಿಗೆ ಸೋಡಿಯ ಚಟ ಹಿಡಿಸುತ್ತವೆ’ ಎಂದು ಬೇಸತ್ತು ಅವುಗಳಿಂದ ಹೊರನಡೆಯುವ ಚಳವಳಿ ಹೂಡಿದಾಗ ನಮ್ಮವರೂ ತಲೆಯಾಡಿಸಿದರು. ಇಡ್ಲಿಯ ಮೇಲಿನ ಸೋಡಿ ಅನ್ಯಾಯ, ಡ್ರಮ್ಮಿನ ಮೇಲಿನ ಸೋಡಿ ಅದೃಷ್ಟ! ಇದು ಹೇಗೆ?

ಹೋಟೆಲಿನ ಮಾತಿನಲ್ಲೇ ಇದನ್ನು ಬಿಡಿಸಿ ನೋಡಬಹುದು. ಬಿಸಿಲಲ್ಲಿ ಬಂದವನು ಫ್ಯಾನಿನ ಕೆಳಗೆ ಕುಳಿತು ಒಂದು ಲೋಟ ನೀರು ಕುಡಿದು ಹೋದರೆ ಯಾವ ಉಡುಪಿ ಹೋಟೆಲಿನವನೂ ಬೇಸರಿಸಿದ್ದಿಲ್ಲ. ಮೆನು ಓದಿ, ಬೆಲೆ ಹೆಚ್ಚಾಯಿತೆಂದು ಎದ್ದು ಹೋದವನ ಮೇಲೂ ಸಿಟ್ಟಿಲ್ಲ. ಬೆಲೆ ಕೇಳುವುದು ಗಿರಾಕಿಯ ಹಕ್ಕು. ಆದರೆ ಆಚೆಯ ಗಾಡಿಯಲ್ಲಿ ಅಗ್ಗದ ಇಡ್ಲಿ ಕಟ್ಟಿಸಿಕೊಂಡು ಬಂದು, ನಮ್ಮ ಮೇಜಿನ ಮೇಲಿಟ್ಟು, ನಮ್ಮ ಸಾಂಬಾರು ಎರಡು ಸಲ ಹಾಕಿಸಿಕೊಂಡವನನ್ನು ಏನೆನ್ನುತ್ತೀರಿ? ಸಾಂಬಾರಿಗೆ ಬೇರೆ ದುಡ್ಡಿಲ್ಲ ನಿಜ, ಅದು ಇಡ್ಲಿಯ ಬೆಲೆಯೊಳಗೇ ಇದೆ. ಅಂಗಡಿಯವನ ಮುಕ್ಕಾಲು ಗಂಟೆಯೂ ಹಾಗೆಯೇ ಡ್ರಮ್ಮಿನ ಬೆಲೆಯೊಳಗಿದೆ. ಮೊಬೈಲಿನವನು ಆ ಮುಕ್ಕಾಲು ಗಂಟೆ ಕೊಡಬೇಕಾಗಿಲ್ಲ, ಆದ್ದರಿಂದಲೇ ಅವನ ಬೆಲೆ ಸ್ವಲ್ಪ ಕಡಮೆ.

ಇಲ್ಲಿ ನನ್ನ ಅಭಿಪ್ರಾಯ ಇಷ್ಟು. ಕೊಳ್ಳುವ ಮನಸ್ಸಿನಿಂದ ಹೋಗಿ, ನೋಡಿ, ಬೆಲೆ ಹೊಂದದೆ ಬೇರೆಡೆ ಕೊಂಡರೆ ತಪ್ಪಿಲ್ಲ. ಮನೆಯಿಂದ ಹೊರಡುವಾಗಲೇ ‘ಅಂಗಡಿಯಲ್ಲಿ ನೋಡೋಣ, ಮೊಬೈಲಿನಲ್ಲಿ ತರಿಸೋಣ’ ಎಂದು ನಿಶ್ಚಯಿಸಿ ಹೋದರೆ, ಅದು ಅಂಗಡಿಯವನ ವಿದ್ಯೆಯನ್ನು ಅವನಿಗೆ ತಿಳಿಯದಂತೆ ಕದ್ದಂತೆ. ಅದೂ ಮಗುವನ್ನು ಪಕ್ಕದಲ್ಲಿಟ್ಟುಕೊಂಡು! ಡ್ರಮ್ಮಿನ ಮೊದಲ ಪಾಠದ ಜೊತೆಗೆ ಮಗು ಇನ್ನೊಂದು ಪಾಠವನ್ನೂ ಕಲಿಯುತ್ತದೆ. ಎರಡರಲ್ಲಿ ಯಾವುದು ಬೇಗ ಕೈ ಹಿಡಿಯುತ್ತದೋ ಹೇಳಲಾರೆ.

ಕೈ ಬಿಗಿಯಿರುವ ಮನೆಗಳುಂಟು. ಐದಾರು ಸಾವಿರದ ಅಂತರವೆಂದರೆ ಅಲ್ಲಿ ಟ್ಯೂಷನ್ನಿನ ಫೀಸು, ಊರಿಗೆ ಕಳಿಸುವ ಹಣ. ಅವರನ್ನು ದೂರುವಷ್ಟು ಕಠೋರನಲ್ಲ ನಾನು. ಆದರೆ ಅವರಿಗೂ ಒಂದು ನೇರ ದಾರಿಯಿದೆ. ಮೊಬೈಲಿನ ಬೆಲೆಯನ್ನು ಅಂಗಡಿಯವನಿಗೇ ತೋರಿಸಿ, ‘ನನ್ನಲ್ಲಿ ಇಷ್ಟಿದೆ, ನಿಮಗೆ ಕಟ್ಟುತ್ತದೆಯೇ?’ ಎಂದು ಕೇಳುವುದು. ಅವನು ಅರ್ಧ ದಾರಿ ಇಳಿದು ಬರಬಹುದು, ಒಂದು ಜೊತೆ ಕೋಲನ್ನು ಸುಮ್ಮನೆ ಸೇರಿಸಬಹುದು, ‘ಅಷ್ಟಕ್ಕೆ ಆಗದು, ಅಲ್ಲೇ ತೆಗೆದುಕೊಳ್ಳಿ’ ಎಂದು ತಾನೇ ಹೇಳಿಬಿಡಬಹುದು. ಹಾಗೆ ಹೇಳಿದ ಮೇಲೆ ಸಾಲ ತೀರಿತು.

ಅಂಗಡಿಯವನಾದರೂ ತನ್ನ ವ್ಯಾಪಾರದ ಏಳುಬೀಳು ಬಲ್ಲವನು. ಗೋಡೆಯಾಚೆಯ ಮನೆಯವರು ಏನು ಮಾಡಬೇಕು? ಅವರಿಗೆ ಸೋಡಿಯೂ ಸಿಕ್ಕಿಲ್ಲ, ಸಂಗೀತದ ಹಂಬಲವೂ ಇಲ್ಲ. ಮುಂಬಯಿಯಲ್ಲಿ ಮನೆಯೆಂದರೆ ಒಂದೇ ಗೋಡೆಗೆ ಎರಡು ಸಂಸಾರ ಆತುಕೊಂಡಿರುವುದು. ಚಾಳಿನಲ್ಲಿ ಪಕ್ಕದ ಮನೆಯ ಒಗ್ಗರಣೆಗೆ ನಮಗೆ ಸೀನು ಬರುತ್ತಿತ್ತು. ಕಟ್ಟಡ ಎತ್ತರವಾಯಿತು, ಗೋಡೆ ದಪ್ಪವಾಗಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಡ್ರಮ್ಮನ್ನು ಹುಮ್ಮಸ್ಸಿನಿಂದ ಬಾರಿಸಿದರೆ ಕೋಣೆಯೊಳಗೆ ನೂರು ದಾಟುವುದು ಸುಲಭ. ಡೆಸಿಬೆಲ್ ಲೆಕ್ಕ ಕಿರಾಣಿ ಲೆಕ್ಕದಂತಲ್ಲ. ಪ್ರತಿ ಹತ್ತು ಏರಿದಾಗಲೂ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಬೇಸ್ ಡ್ರಮ್ಮಿನ ಗುದ್ದಂತೂ ಕಿಟಕಿ ಮುಚ್ಚಿದರೂ ನಿಲ್ಲದೆ ಸ್ಲ್ಯಾಬಿನೊಳಗಿಂದ ನಡೆದು ಕೆಳಗಿನ ಮನೆಯವರ ಮಂಚದ ಕಾಲು ಅಲುಗಿಸುತ್ತದೆ. ಅಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ ನರ್ಸು ಇರಬಹುದು, ಹತ್ತನೆಯ ಪರೀಕ್ಷೆಗೆ ಕೂತ ಹುಡುಗನಿರಬಹುದು.

ಇದಕ್ಕೆ ಪ್ರತಿವಾದವೂ ಉಂಟು, ಅದು ಹಗುರವಾದುದಲ್ಲ. ಗಣೇಶನ ಮೆರವಣಿಗೆಯಲ್ಲಿ ಢೋಲು ತಾಶೆಗಳ ಮೊಳಗನ್ನು ಊರಿಡೀ ಸಹಿಸುತ್ತದೆ. ನಮ್ಮ ಯಕ್ಷಗಾನದ ಚೆಂಡೆಯೇನು ಪಿಸುಮಾತೇ? ನೂರು ಜನ ಸೇರಿ ಮಾಡಿದ ಸದ್ದು ಸಂಸ್ಕೃತಿ, ಹದಿಮೂರರ ಹುಡುಗಿಯೊಬ್ಬಳು ಸಂಜೆ ಅರ್ಧ ಗಂಟೆ ಮಾಡಿದ ಸದ್ದು ಉಪದ್ರವ ಎಂದರೆ ನ್ಯಾಯವಾಗುವುದಿಲ್ಲ. ಪರಿಪೂರ್ಣ ನಿಶ್ಶಬ್ದ ಬೇಕೆನ್ನುವವನು ಈ ನಗರಕ್ಕೆ ಬರಬಾರದಿತ್ತು. ನೆರೆಯವರಿಗೆ ನಿಶ್ಶಬ್ದದ ಹಕ್ಕಿಲ್ಲದಿದ್ದರೂ, ಮೊದಲೇ ಕೇಳಿಸಿಕೊಳ್ಳುವ ಹಕ್ಕು ಇದ್ದೇ ಇದೆ. ಪೆಟ್ಟಿಗೆ ಬಂದು ಬಾಗಿಲಲ್ಲಿ ನಿಂತ ಮೇಲೆ ಕೇಳಿದರೆ ಅದು ಅನುಮತಿಯಲ್ಲ, ಸೂಚನೆ. ಕೊಳ್ಳುವ ಮೊದಲು ಮೇಲಿನವರ, ಕೆಳಗಿನವರ, ಪಕ್ಕದವರ ಕದ ತಟ್ಟಿ, ‘ಮಗು ಕಲಿಯುತ್ತಿದ್ದಾಳೆ, ಯಾವ ಹೊತ್ತು ನಿಮಗೆ ತೊಂದರೆಯಾಗದು?’ ಎಂದು ಕೇಳಬೇಕು. ಹೀಗೆ ಕೇಳಲು ನಾಲ್ಕು ದಿನವಾದರೂ ಬೇಕು. ಸೋಡಿಯ ಗಡಿಯಾರ ಕೊಡುವುದು ನಾಲ್ಕು ತಾಸು. ನನಗೆ ಸೋಡಿಯ ಮೇಲೆ ಇರುವ ನಿಜವಾದ ಮುನಿಸು ಇದು. ಅದು ಹಣ ಬಿಟ್ಟುಕೊಡುತ್ತದೆ, ಕೇಳಬೇಕಾದವರನ್ನು ಕೇಳುವ ಸಮಯವನ್ನು ಕಿತ್ತುಕೊಳ್ಳುತ್ತದೆ.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾರಿಸುವ ಎಲೆಕ್ಟ್ರಾನಿಕ್ ಸೆಟ್ಟುಗಳೂ ಇವೆಯಲ್ಲ ಎನ್ನಬಹುದು. ಹೌದು, ಪಕ್ಕದ ಮನೆಗೆ ಅದು ದೊಡ್ಡ ಉಪಕಾರ. ಆದರೆ ಕಾಲಿನ ಪೆಡಲಿನ ಧಡಧಡ ಕೆಳಮನೆಗೆ ಹೋಗಿಯೇ ಹೋಗುತ್ತದೆ, ಅಡಿಯಲ್ಲಿ ದಪ್ಪ ಹಾಸು ಬೇಕು. ಅದರ ಬೆಲೆ ಸೋಡಿಯ ಜಾಹೀರಾತಿನಲ್ಲಿ ಬರುವುದಿಲ್ಲ.

ಇಷ್ಟೆಲ್ಲ ಹೇಳಿ ಮಗುವಿನ ಆಸೆಯನ್ನು ಚಿವುಟಿದಂತಾಗಬಾರದು. ಹಿರಿಯರು ಇಲ್ಲಿ ಒಂದು ಹಳೆಯ ಅಸ್ತ್ರ ತೆಗೆಯುತ್ತಾರೆ: ‘ನಾವು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರು; ನಮಗೆ ಚಪ್ಪಲಿಯೂ ಇರಲಿಲ್ಲ.’ ನಿಜ. ಕನ್ನಡದ ರಾತ್ರಿ ಶಾಲೆಗಳು ಈ ನಗರದಲ್ಲಿ ಎಷ್ಟು ಬಾಳುಗಳನ್ನು ಬೆಳಗಿದವೆಂದು ನಾವು ಮರೆಯಬಾರದು. ಆದರೆ ಅಪ್ಪನ ಬಡತನವನ್ನು ಮಗಳು ತೀರಿಸಬೇಕಾದ ಸಾಲವಾಗಿ ಮಾಡುವುದು ತಪ್ಪು. ಅವರು ಲೋಟ ತೊಳೆದದ್ದು ಮಕ್ಕಳು ಲೋಟ ತೊಳೆಯದಿರಲೆಂದೇ ಅಲ್ಲವೇ? ಇನ್ನು ಹುಡುಗಿಗೆ ಡ್ರಮ್ಮು ಯಾಕೆಂದು ಕೇಳುವವರೊಡನೆ ನನಗೆ ಮಾತಿಲ್ಲ. ಚೆಂಡೆ ಹೆಗಲಿಗೇರಿಸಿದ ಹುಡುಗಿಯರನ್ನು ಅವರು ನೋಡಿಲ್ಲವೆಂದು ತೋರುತ್ತದೆ.

ಆಸೆ ಗಟ್ಟಿಯೋ ಜೊಳ್ಳೋ ತಿಳಿಯಲು ಮೂವತ್ತು ಸಾವಿರ ಬೇಕಿಲ್ಲ. ಒಂದು ಜೊತೆ ಕೋಲು, ಒಂದು ರಬ್ಬರಿನ ಅಭ್ಯಾಸಫಲಕ, ಇಷ್ಟರಲ್ಲಿ ಕೈಯ ಪಾಠ ವರ್ಷಗಟ್ಟಲೆ ಸಾಗುತ್ತದೆ. ಇಡೀ ಸೆಟ್ಟು ಬೇಕಾದಾಗ ತಾಸಿನ ಬಾಡಿಗೆಗೆ ವಾದ್ಯಸಮೇತ ಕೋಣೆ ಕೊಡುವವರು ಅಂಧೇರಿ ಮೊದಲಾದ ಕಡೆ ಇದ್ದಾರೆ. ಮುಲುಂಡಿನ ಪರಿಚಿತ ಕುಟುಂಬವೊಂದು ಹೀಗೆಯೇ ಮಾಡುತ್ತಿದೆ. ಸೋಡಿ ಮುಗಿದ ರಾತ್ರಿ ಮಗಳು ಅತ್ತಳಂತೆ. ಹದಿನೈದು ದಿನದಲ್ಲಿ ದೀಪಾವಳಿಯ ಸೋಡಿ ಬಂತು, ಅದೇ ಸೆಟ್ಟು, ಇನ್ನೂ ಇನ್ನೂರು ರೂಪಾಯಿ ಕಡಮೆಗೆ! ಆಗ ಅವಳೇ ನಕ್ಕು, ‘ಅಪ್ಪಾ, ಇದು ಪ್ರತಿ ಹಬ್ಬಕ್ಕೂ ಬರ್ತದೆ’ ಎಂದಳಂತೆ. ಆ ಮನೆಯವರು ಇನ್ನೂ ಕೊಂಡಿಲ್ಲ. ಕೊಳ್ಳುವುದಿಲ್ಲ ಎಂದೂ ಹೇಳಿಲ್ಲ.

ಕೊನೆಯದಾಗಿ ನಮ್ಮಂಥ ಸಂಘಗಳ ಮುಂದೆ ಇಡತಕ್ಕ ಒಂದು ಮಾತು. ಭಜನಾ ಮಂಡಳಿಯ ಹಾರ್ಮೋನಿಯಂ ಯಾರ ಮನೆಯದೂ ಅಲ್ಲ, ಯಕ್ಷಗಾನ ಮಂಡಳಿಯ ಚೆಂಡೆ ಮದ್ದಳೆಗಳೂ ಅಲ್ಲ. ಅವು ಸಭಾಗೃಹದ ಬೀರುವಿನಲ್ಲಿರುತ್ತವೆ, ಕಲಿಯುವವರು ಬಂದು ಬಾರಿಸುತ್ತಾರೆ. ಒಂದೊಂದು ಮನೆಯೂ ಒಂದೊಂದು ಕೊಂಡು, ಮಗು ಕಾಲೇಜಿಗೆ ಹೋದ ಮೇಲೆ ಅದರ ಮೇಲೆ ಬಟ್ಟೆ ಒಣಗಿಸುವುದಕ್ಕಿಂತ, ನಾಲ್ಕು ಮನೆಯವರು ಸೇರಿ ಕಂಚಿನ ತಟ್ಟೆಗಳ ಒಂದು ಒಳ್ಳೆಯ ಸೆಟ್ಟನ್ನು, ಅಂಗಡಿಯವನಿಗೆ ನ್ಯಾಯವಾದ ಬೆಲೆ ಕೊಟ್ಟೇ, ತಂದು ಸಭಾಗೃಹದಲ್ಲಿ ಇಡಬಹುದಲ್ಲ? ತೊಡಕುಗಳಿಲ್ಲವೆಂದಲ್ಲ. ಬೀಗದ ಕೈ ಯಾರ ಬಳಿ ಇರಬೇಕು, ಹೊದಿಕೆ ಹರಿದರೆ ಯಾರು ಕೊಡಬೇಕು, ಮದುವೆಗೆ ಹಾಲ್ ಬಾಡಿಗೆಗೆ ಹೋದ ದಿನ ಮಕ್ಕಳು ಎಲ್ಲಿ ಬಾರಿಸಬೇಕು ಎಂಬುದರ ಮೇಲೆ ಕಾರ್ಯಕಾರಿ ಸಮಿತಿಯಲ್ಲಿ ಎರಡು ಸಭೆಯಾದರೂ ನಡೆದೀತು. ಚೆಂಡೆಯ ವಿಷಯದಲ್ಲೂ ಹಾಗೆಯೇ ನಡೆಯುತ್ತಿರುತ್ತದೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಾಮಾನ್ಯವಾಗಿ ಸಭಾಗೃಹಗಳು ಖಾಲಿ ಇರುತ್ತವೆ. ಮೊದಲು ಆ ಎರಡು ತಾಸುಗಳನ್ನು ಕೇಳಿ ನೋಡಬಹುದು.